ನಮ್ಮೂರ ಅಂಚೆ ಕಚೇರಿಯೂ ನಮ್ಮ ಮನೆಯ ಹೆಂಗಸರೂ

ಈ ಸಂಚಿಕೆ ನಿಮ್ಮ ಕೈಗೆ ಹೇಗೆ ತಲುಪಿತು? ಪೇಟೆಯ ಅಂಗಡಿಯಿಂದ ಮನೆಯವರು ತಂದಿರಬಹುದು. ನೆರೆಮನೆಯವರು ಓದಿ ಮುಗಿಸಿ ಕೊಟ್ಟಿರಬಹುದು. ಆದರೆ ನೀವು ಚಂದಾದಾರರಾಗಿದ್ದು, ಪೇಟೆಯಿಂದ ಐದಾರು ಮೈಲಿ ಒಳಗಿನ ಹಳ್ಳಿಯಲ್ಲಿದ್ದರೆ ಇದನ್ನು ತಂದುಕೊಟ್ಟವರು ಅಂಚೆಯವರೇ. ಮೇಲೊಂದು ವಿಳಾಸದ ಚೀಟಿ ಅಂಟಿಸಿರುತ್ತಾರೆ. ಅದನ್ನು ಹರಿದು ಎಸೆಯುವ ಮುಂಚೆ ಒಮ್ಮೆ ನೋಡಿ. ಅದರಲ್ಲಿರುವುದು ಯಜಮಾನರ ಹೆಸರೋ, ನಿಮ್ಮದೋ?

ಯಾಕೆ ಕೇಳುತ್ತಿದ್ದೇನೆಂದರೆ, ನನ್ನ ಅಜ್ಜಿಯ ಹೆಸರನ್ನು ಅಕ್ಷರದಲ್ಲಿ ನಾನು ಮೊದಲು ಕಂಡದ್ದು ಅಂಚೆಯ ಕಾಗದದಲ್ಲಿ. ರೇಷನ್ ಕಾರ್ಡು ಅಜ್ಜನ ಹೆಸರಲ್ಲಿತ್ತು. ತೀರ್ವೆ ರಶೀದಿ ದೊಡ್ಡ ಮಾವನ ಹೆಸರಲ್ಲಿ ಬರುತ್ತಿತ್ತು. ಊರಲ್ಲಿ ಎಲ್ಲರೂ ಅವರನ್ನು ಇಂಥವರ ಹೆಂಡತಿ, ಇಂಥವರ ಉಮ್ಮ ಎಂದೇ ಗುರುತಿಸುತ್ತಿದ್ದರು. ಮುಂಬಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದ ಕಿರಿಯ ಮಾವ ಮಾತ್ರ ಮನಿಯಾರ್ಡರು ಕಳುಹಿಸುವಾಗ ಅಜ್ಜಿಯ ಪೂರ್ತಿ ಹೆಸರು ಬರೆಯಿಸುತ್ತಿದ್ದರು. ಜಗಲಿಯ ಹೊರಗೆ ನಿಂತು ಪೋಸ್ಟ್‌ಮ್ಯಾನ್ ಆ ಹೆಸರನ್ನು ಗಟ್ಟಿಯಾಗಿ ಓದುವಾಗ ಬಾಗಿಲ ಮರೆಯಲ್ಲಿದ್ದ ಅಜ್ಜಿ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಟಪ್ಪಾಲು ಬಂದ ದಾರಿ

ನನ್ನ ತವರೂರು ದಕ್ಷಿಣ ಕನ್ನಡದಲ್ಲಿ, ಘಟ್ಟದ ಬುಡದ ಒಂದು ಸಣ್ಣ ಪೇಟೆ. ಮಸೀದಿ, ದೇವಸ್ಥಾನ, ಸರಕಾರಿ ಶಾಲೆ, ಹತ್ತಿಪ್ಪತ್ತು ಅಂಗಡಿ, ವಾರಕ್ಕೊಂದು ಸಂತೆ. ಪೇಟೆಯ ನಡುವೆ ಹಂಚಿನ ಮಾಡಿನ ಅಂಚೆ ಕಚೇರಿ. ಅಜ್ಜಿ ಕೊನೆಯ ತನಕ ಅದನ್ನು 'ಅಂಚೆ' ಎನ್ನಲಿಲ್ಲ, 'ಟಪ್ಪಾಲು' ಎಂದೇ ಹೇಳುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ನಗುವ ವಿಷಯವಲ್ಲ ಎಂದು ಗೊತ್ತಾದದ್ದು ತುಂಬ ತಡವಾಗಿ.

ಘಟ್ಟದ ಮೇಲೆ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ಇತ್ತು. 17ನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಈ 'ಮೈಸೂರು ಅಂಚೆ' ಇನ್ನೂರು ವರ್ಷ ಬಾಳಿ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿತು. ಘಟ್ಟದ ಕೆಳಗಿನ ನಮ್ಮ ಜಿಲ್ಲೆಯ ಕಥೆ ಬೇರೆ. 1799ರಲ್ಲಿ ಟಿಪ್ಪು ಸುಲ್ತಾನರ ಮರಣದ ನಂತರ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮದರಾಸು ಪ್ರಾಂತ್ಯಕ್ಕೆ ಸೇರಿತು. ಆ ಸೀಮೆಯಲ್ಲಿ ಕಾಗದ ಪತ್ರಕ್ಕೆ ಬಳಕೆಯಲ್ಲಿದ್ದ ಮಾತು ಟಪ್ಪಾಲು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆಗೆ ಹೋದ ನಮಗೆ ಅದು ಅಂಚೆಯಾಯಿತು, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಟಪ್ಪಾಲಾಗಿಯೇ ಉಳಿಯಿತು.

ಬಸ್ಸು ರೈಲು ಬರುವ ಮೊದಲು ಕಾಗದ ನಡೆದೇ ಬರುತ್ತಿತ್ತು. ನಡೆದು ಎಂದರೂ ತಪ್ಪು, ಓಡಿಕೊಂಡು. ಅಂಚೆ ಓಟಗಾರನ ಹೆಗಲ ಮೇಲೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಈಟಿ. ಗೆಜ್ಜೆಯ ಸದ್ದು ಹುಲಿಯನ್ನೂ ಹಾವನ್ನೂ ದೂರ ಇಡಲಿ ಎಂದು. ಒಬ್ಬ ಕೆಲವು ಮೈಲಿ ಓಡಿ ಚೀಲವನ್ನು ಮತ್ತೊಬ್ಬನಿಗೆ ದಾಟಿಸುತ್ತಿದ್ದ. ನಮ್ಮ ಕಡೆಯ ಆಷಾಢದ ಮಳೆ ನೋಡಿದವರಿಗೆ ಆ ಕೆಲಸ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಆ ಕಾಲದಲ್ಲಿ ದೂರ ಹೆಚ್ಚಾದ ಹಾಗೆ ಅಂಚೆ ವೆಚ್ಚವೂ ಹೆಚ್ಚುತ್ತಿತ್ತು. ಬಡವರು ಪತ್ರ ಬರೆಯುವ ಮಾತೇ ಇರಲಿಲ್ಲ. 1854ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಅಂಚೆ ಚೀಟಿ ಬಂತು. ಕಾಲು ತೊಲೆ ತೂಕದ ಪತ್ರಕ್ಕೆ ಅರ್ಧ ಆಣೆ. ಪಕ್ಕದ ಊರಿಗೂ ಅಷ್ಟೇ, ಪೇಶಾವರಕ್ಕೂ ಅಷ್ಟೇ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂದ ಮೇಲಂತೂ ಕೂಲಿಯವನೂ ಕ್ಷೇಮ ಸಮಾಚಾರ ಬರೆಯಿಸುವಂತಾಯಿತು. ಆ ಕಾಲಾಣೆಯೂ ಇಲ್ಲದವರಿಗೆ 'ಬೇರಿಂಗ್' ಪತ್ರ ಇತ್ತು. ಅಂಚೆ ಚೀಟಿ ಹಚ್ಚದೆ ಪೆಟ್ಟಿಗೆಗೆ ಹಾಕಿದರೆ ಪಡೆಯುವವರು ದುಪ್ಪಟ್ಟು ಕೊಡಬೇಕು. ಜಾಣರು ಲಕೋಟೆಯ ಮೇಲೇ ಏನಾದರೊಂದು ಗುರುತು ಹಾಕಿಬಿಡುತ್ತಿದ್ದರು. ಮನೆಯವರು ಗುರುತು ನೋಡಿ "ಬೇಡ, ವಾಪಸು ಕಳಿಸಿ" ಎನ್ನುತ್ತಿದ್ದರು. ನಮ್ಮ ಮಕ್ಕಳ ಕಾಲದ ಮಿಸ್ಡ್ ಕಾಲ್ ಹೊಸದೇನಲ್ಲ ಬಿಡಿ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆಮೇಲೆ ಘಟ್ಟದ ದಾರಿಯಲ್ಲಿ ಬಸ್ಸುಗಳು ಓಡತೊಡಗಿ ಟಪ್ಪಾಲು ಚೀಲ ಬಸ್ಸೇರಿತು. ನಾನು ಚಿಕ್ಕವಳಿದ್ದಾಗ ಬೆಳಗಿನ ಬಸ್ಸಿನಿಂದ ಅರಗಿನ ಮುದ್ರೆ ಹಾಕಿದ ಕಾಕಿ ಚೀಲ ಇಳಿಯುವುದೂ, ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಠಪ್ ಠಪ್ ಎಂದು ಮುದ್ರೆ ಒತ್ತುವ ಸದ್ದು ಕೇಳುವುದೂ ಊರಿಗೆಲ್ಲ ಗಡಿಯಾರದಂತೆ ಇತ್ತು.

ಇಂಥ ಊರುಗಳ ಅಂಚೆ ಕಚೇರಿಗಳು ಸರಕಾರದ ಕಟ್ಟಡದಲ್ಲಿ ಹುಟ್ಟಿದವಲ್ಲ. ಶಾಲಾ ಮಾಸ್ತರರೋ, ಅಂಗಡಿಯವರೋ, ಸ್ವಲ್ಪ ಜಮೀನಿದ್ದವರೋ ತಮ್ಮದೇ ಮನೆಯ ಒಂದು ಕೋಣೆ ಬಿಟ್ಟುಕೊಟ್ಟು ಪೋಸ್ಟ್‌ಮಾಸ್ಟರ್ ಆಗುತ್ತಿದ್ದರು. ಸಂಬಳವಲ್ಲ, ಭತ್ಯೆ. ಹೊಟ್ಟೆಪಾಡಿಗೆ ಬೇರೆ ಆದಾಯ ಇರಬೇಕು ಎಂಬುದು ಇಲಾಖೆಯ ನಿಯಮವೇ ಆಗಿತ್ತು. ಇವರನ್ನು ಮೊದಲು ಇಲಾಖೇತರ ನೌಕರರೆಂದು ಕರೆಯುತ್ತಿದ್ದರು, ಈಗ ಗ್ರಾಮೀಣ ಡಾಕ್ ಸೇವಕರೆನ್ನುತ್ತಾರೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. ಈಗ ಒಂದೂವರೆ ಲಕ್ಷಕ್ಕೂ ಹೆಚ್ಚು, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿ. ಅಷ್ಟೂ ಬೆಳೆದದ್ದು ಹೆಚ್ಚಾಗಿ ಇಂಥ ಬಿಟ್ಟುಕೊಟ್ಟ ಕೋಣೆಗಳಲ್ಲಿ.

ಆ ಒಂದು ಕೋಣೆಯಲ್ಲಿ ಏನೆಲ್ಲ ನಡೆಯುತ್ತಿತ್ತು! ಮಲೇರಿಯಾ ಕಾಟದ ದಿನಗಳಲ್ಲಿ ಅಂಚೆ ಕಚೇರಿಗಳು ಕ್ವಿನೈನ್ ಪೊಟ್ಟಣ ಮಾರಿದ್ದುಂಟು. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸು ಬೇಕಿದ್ದ ಕಾಲದಲ್ಲಿ ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಾದದ್ದೂ ಇಲ್ಲೇ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗ ನಮ್ಮ ಸಣ್ಣ ಪೇಟೆಗೂ 574ರಿಂದ ಆರಂಭವಾಗುವ ಆರು ಅಂಕಿಗಳು ಸಿಕ್ಕಿದವು. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಸಿದರು. ನಾನಿನ್ನೂ ಮರೆತಿಲ್ಲ.

ಬರೆಯುವ ಹುಡುಗಿ

ನಮ್ಮ ಜನ ಮೊದಲಿನಿಂದಲೂ ದೂರ ದುಡಿಯುವವರು. ಅಜ್ಜಂದಿರು ರಂಗೂನಿಗೆ, ಕೊಲಂಬೊಗೆ ಹೋದರು. ಮಾವಂದಿರು ಮುಂಬಯಿಗೆ ಹೋದರು. 1970ರ ದಶಕದಿಂದ ಹುಡುಗರು ಕೊಲ್ಲಿಗೆ ಹೊರಟರು. ಹಿಂದೆ ಉಳಿದದ್ದು ಹೆಂಗಸರು, ಅವರ ಪಾಲಿಗೆ ಪೋಸ್ಟ್‌ಮ್ಯಾನ್.

ಮುಂಬಯಿಯಿಂದ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ದುಬೈ, ಸೌದಿಯಿಂದ ಕೆಂಪು-ನೀಲಿ ಅಂಚಿನ ಲಕೋಟೆ. ಅಲ್ಲಿ ಮನೆ ಬಾಗಿಲಿಗೆ ಅಂಚೆ ಬರುವ ಪದ್ಧತಿ ಇಲ್ಲವಾದ್ದರಿಂದ ವಿಳಾಸವೆಂದರೆ ಕಂಪನಿಯ ಹೆಸರು ಮತ್ತು ಪಿ.ಒ. ಬಾಕ್ಸ್ ನಂಬರು, ಅಷ್ಟೆ. ಗಂಡ ವಾಸವಾಗಿರುವ ಜಾಗವನ್ನು ಒಂದು ಪೆಟ್ಟಿಗೆಯ ನಂಬರಾಗಿಯೇ ತಿಳಿದ ಹೆಂಗಸರು ಎಷ್ಟು ಜನರಿದ್ದರೋ! ಪತ್ರ ಹೋಗಲು ಎರಡು ವಾರ, ಉತ್ತರ ಬರಲು ಎರಡು ವಾರ. ಮಗುವಿಗೆ ಜ್ವರ ಎಂದು ಬರೆದರೆ "ಈಗ ಹೇಗಿದೆ?" ಎಂಬ ಪ್ರಶ್ನೆ ಬರುವಷ್ಟರಲ್ಲಿ ಮಗು ಅಂಗಳದಲ್ಲಿ ಓಡಾಡುತ್ತಿರುತ್ತಿತ್ತು. ಹೆರಿಗೆಗೆ ಮುಂಚೆಯೇ ಕೆಲವರು ಎರಡು ಹೆಸರು ಬರೆದು ಕಳುಹಿಸುತ್ತಿದ್ದರು, ಗಂಡಾದರೆ ಒಂದು, ಹೆಣ್ಣಾದರೆ ಒಂದು. ಏಳನೇ ದಿನಕ್ಕೆ ಕಾಗದ ಮುಟ್ಟದಿದ್ದರೆ ಎಂಬ ಭಯ. ನನ್ನ ಚಿಕ್ಕಮ್ಮನಿಗೆ ಅವಳಿ ಮಕ್ಕಳಾಗಿ, ಇಬ್ಬರೂ ಹೆಣ್ಣಾಗಿ, ಬರೆದು ಕಳುಹಿಸಿದ ಗಂಡು ಹೆಸರು ಹಾಗೆಯೇ ಉಳಿದುಹೋಯಿತು.

ಈ ಪತ್ರಗಳನ್ನು ಓದುತ್ತಿದ್ದವರು ಯಾರು? ಎಷ್ಟೋ ಮನೆಗಳಲ್ಲಿ ತಂದುಕೊಟ್ಟ ಪೋಸ್ಟ್‌ಮ್ಯಾನೇ ಓದಿ ಹೇಳಿ ಹೋಗಬೇಕಿತ್ತು. ಇಲ್ಲವಾದರೆ ಶಾಲೆಗೆ ಹೋಗುವ ಮಕ್ಕಳು. ನಮ್ಮ ಓಣಿಯಲ್ಲಿ ಆ ಕೆಲಸ ನನ್ನದಾಗಿತ್ತು. ಐದನೇ ತರಗತಿಯಲ್ಲಿದ್ದಾಗಲೇ ನಾನು ನಾಲ್ಕು ಮನೆಗಳ ಪತ್ರ ಓದುತ್ತಿದ್ದೆ, ಉತ್ತರ ಬರೆಯುತ್ತಿದ್ದೆ. "ಅಸ್ಸಲಾಮು ಅಲೈಕುಮ್, ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎನ್ನುವವರೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಷ್ಟ ಇದ್ದದ್ದು ಆಮೇಲೆ.

ಓಣಿಯಲ್ಲಿ ಒಬ್ಬ ಅಕ್ಕ ಇದ್ದರು. ಮದುವೆಯಾಗಿ ಎರಡು ತಿಂಗಳಿಗೇ ಗಂಡ ಮುಂಬಯಿಗೆ ಹೋಗಿದ್ದರು. ಆಕೆ ನನ್ನ ಹತ್ತಿರ ಕೂತು ಆಡಿನ ಮರಿ, ತೆಂಗಿನಕಾಯಿಯ ಕ್ರಯ, ಅತ್ತೆಯ ಕಾಲುನೋವು ಎಲ್ಲವನ್ನೂ ಬರೆಸುತ್ತಿದ್ದರು. ಒಂದು ದಿನ ಇನ್‌ಲ್ಯಾಂಡಿನ ಮುಕ್ಕಾಲು ತುಂಬಿತ್ತು. ಇನ್ನೇನು ಬರೆಯಲಿ ಎಂದೆ. "ಬರೆ, ನನಗೆ..." ಎಂದು ನಿಂತರು. ನಾನು 'ನನಗೆ' ಎಂದು ಬರೆದು ಕಾದೆ. ಅವರು ನನ್ನ ಮುಖ ನೋಡಿದರು, ಆಚೆ ಅಡುಗೆಮನೆಯಲ್ಲಿ ಬಳೆಯ ಸದ್ದು ಕೇಳಿದರು. "ಬೇಡ, ಹೊಡೆದು ಹಾಕು." ಹೊಡೆದು ಹಾಕಿದೆ. ಕಾಲು ಭಾಗ ಖಾಲಿ ಬಿಟ್ಟೇ ಅಂಟಿಸಿದೆವು. ಆ ಖಾಲಿ ಜಾಗ ನೋಡಿ ಮುಂಬಯಿಯಲ್ಲಿ ಆ ಮನುಷ್ಯ ಏನು ತಿಳಿದುಕೊಂಡರೋ. ಹತ್ತು ವರ್ಷದ ನನಗೆ ಅಂದು ಅರ್ಥವಾಗಲಿಲ್ಲ, ನನ್ನ ಮದುವೆಯಾದ ಮೇಲೆ ಅರ್ಥವಾಯಿತು.

ಆದರೆ ಒಂದು ವಿಷಯ ಹೇಳಲೇಬೇಕು. ನಮ್ಮ ಹಿರಿಯ ಹೆಂಗಸರೆಲ್ಲ ನಿರಕ್ಷರಿಗಳೆಂದು ಸರಕಾರದ ಲೆಕ್ಕ ಹೇಳುತ್ತಿತ್ತು, ನಾವೂ ನಂಬಿದ್ದೆವು. ಮದ್ರಸದಲ್ಲಿ ಅರಬಿ ಮಲಯಾಳಂ ಲಿಪಿ ಕಲಿತವರು ಅವರಲ್ಲಿ ಎಷ್ಟೋ ಜನರಿದ್ದರು. ಅರಬಿ ಅಕ್ಷರದಲ್ಲಿ ತಮ್ಮ ಮಾತನ್ನು ಬರೆಯಬಲ್ಲವರು. ನನ್ನ ಅಜ್ಜಿಗೆ ಅದು ಚೆನ್ನಾಗಿ ಬರುತ್ತಿತ್ತು. ಅಜ್ಜನೊಡನೆ ಅವರ ಪತ್ರ ವ್ಯವಹಾರ ನಡೆದದ್ದು ಹಾಗೆಯೇ. ವಿಳಾಸ ಮಾತ್ರ ಬೇರೆಯವರಿಂದ ಬರೆಸಿಕೊಳ್ಳಬೇಕು. ಒಳಗಿನದ್ದು ಪೋಸ್ಟ್‌ಮ್ಯಾನಿಗೂ ಓದಲಾಗದು, ಶಾಲೆಗೆ ಹೋಗುವ ನನ್ನಂಥ ಹುಡುಗಿಗೂ ಓದಲಾಗದು. ಓಣಿಯ ಆ ಅಕ್ಕನಿಗೆ ಇಲ್ಲದ ಸೌಭಾಗ್ಯ ಅದು.

ರಿಜಿಸ್ಟರ್ಡ್ ಲಕೋಟೆ

ಅಂಚೆಯವರು ಬಂದಾಗಲೆಲ್ಲ ಸಂತೋಷವೇ ಬಂತೆಂದು ಬರೆದರೆ ಸುಳ್ಳಾದೀತು. ತಂತಿ ಎಂದರೆ ಒಡೆಯುವ ಮೊದಲೇ ಅಳು. ಆ ತಂತಿ ಸೇವೆ 2013ರ ಜುಲೈಯಲ್ಲಿ ಕೊನೆಗೊಂಡಿತು. ಅದಕ್ಕಿಂತ ಹೆಚ್ಚು ಎದೆ ನಡುಗಿಸುತ್ತಿದ್ದದ್ದು ರಿಜಿಸ್ಟರ್ಡ್ ಪತ್ರ. ಅದರಲ್ಲಿ ಕೊಲ್ಲಿಯಿಂದ ಬ್ಯಾಂಕ್ ಡ್ರಾಫ್ಟ್ ಬಂದಿರಬಹುದು, ಪಾಸ್‌ಪೋರ್ಟ್ ಬಂದಿರಬಹುದು. ಕೋರ್ಟಿನ ನೋಟೀಸೂ ಇರಬಹುದು. ತವರಿಗೆ ಬಂದು ಕೂತ ಹೆಣ್ಣು ಮಗಳು ಏನೆಂದು ತಿಳಿಯದೆ ಸ್ವೀಕೃತಿ ಕಾರ್ಡಿಗೆ ಹೆಬ್ಬೆಟ್ಟು ಒತ್ತಿ ಪಡೆದುಕೊಂಡ ಲಕೋಟೆಯಲ್ಲಿ ತಲಾಕ್ ಬರೆದಿದ್ದ ಸಂಗತಿಗಳನ್ನು ನಮ್ಮಲ್ಲಿ ಯಾರು ಕೇಳಿಲ್ಲ? ಸಂಧಾನವಿಲ್ಲ, ಮಾತುಕತೆಯಿಲ್ಲ, ಒಂದು ಅಂಚೆ ಚೀಟಿಯ ಖರ್ಚಿನಲ್ಲಿ ಸಂಸಾರ ಮುಗಿಸಿದವರು. ಉತ್ತರಾಖಂಡದ ಶಾಯರಾ ಬಾನು ಅವರಿಗೆ 2015ರ ಅಕ್ಟೋಬರಿನಲ್ಲಿ ತವರಿನಲ್ಲಿದ್ದಾಗ ತಲಾಕ್ ಬಂದದ್ದು ಅಂಚೆಯಲ್ಲೇ. ಅವರು ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 22ರಂದು ಏಕಕಾಲದ ತ್ರಿವಳಿ ತಲಾಕನ್ನು ನ್ಯಾಯಾಲಯ ಅಸಿಂಧುಗೊಳಿಸಿತು, 2019ರಲ್ಲಿ ಕಾನೂನೂ ಬಂತು. ಆ ಕಾನೂನಿನ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ನಿಮಗೆ ಗೊತ್ತೇ ಇದೆ, ಇಲ್ಲಿ ಬೇಡ. ನಾನು ನೆನೆಯುವುದು ಆ ಹೆಬ್ಬೆಟ್ಟುಗಳನ್ನು.

ನಾಲ್ಕು ರೂಪಾಯಿಯಿಂದ ಮುನ್ನೂರರವರೆಗೆ

ಮನಿಯಾರ್ಡರು ಆರಂಭವಾದದ್ದು 1880ರಲ್ಲಿ, ಅಂಚೆಯ ಉಳಿತಾಯ ಬ್ಯಾಂಕು 1882ರಲ್ಲಿ. ಮದುವೆಯಾದ ಹೆಂಗಸು ತನ್ನ ಹೆಸರಲ್ಲಿಟ್ಟ ಹಣವನ್ನು ಅವಳ ಕೈಗೇ ಕೊಡಬಹುದೆಂದು 1873ರ ಸರಕಾರಿ ಉಳಿತಾಯ ಬ್ಯಾಂಕುಗಳ ಕಾಯ್ದೆಯಲ್ಲೇ ಹೇಳಿತ್ತು. ಮಹ್ರ್‌ನ ಹಣ ಹೆಣ್ಣಿನದೇ, ಅವಳ ಒಪ್ಪಿಗೆಯಿಲ್ಲದೆ ಗಂಡನೂ ಮುಟ್ಟಬಾರದು ಎಂದು ಕಲಿತ ನಮಗೆ ಇದು ಹೊಸ ವಿಚಾರವಲ್ಲ. ಆದರೆ ಆ ಹಣವನ್ನು ಅವಳ ಹೆಸರಲ್ಲಿ ಇಡಲು ನಮ್ಮೂರಲ್ಲಿ ಜಾಗ ಎಲ್ಲಿತ್ತು? ಬ್ಯಾಂಕು ದೂರ. ಅಂಚೆ ಕಚೇರಿ ಮಾತ್ರ ನಡೆದು ಹೋಗುವಷ್ಟು ಹತ್ತಿರ. ಆದರೂ ಹೆಂಗಸರು ಒಳಗೆ ಕಾಲಿಡುತ್ತಿರಲಿಲ್ಲ. ಮೊದಲ ಕಾರಣ ಸಂಕೋಚ. ಎರಡನೆಯದು ಬಡ್ಡಿ.

1993ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ ಮಹಿಳಾ ಸಮೃದ್ಧಿ ಯೋಜನೆ ಆರಂಭಿಸಿತು. ಹಳ್ಳಿಯ ಹೆಂಗಸರು ಅಂಚೆ ಕಚೇರಿಯಲ್ಲಿ ತಮ್ಮದೇ ಹೆಸರಿನಲ್ಲಿ ನಾಲ್ಕು ರೂಪಾಯಿಯಿಂದಲೂ ಖಾತೆ ತೆರೆಯಬಹುದು. ವರ್ಷಕ್ಕೆ ಮುನ್ನೂರು ರೂಪಾಯಿವರೆಗೆ ಕಟ್ಟಿ ಒಂದು ವರ್ಷ ಬಿಟ್ಟರೆ ಸರಕಾರ ಅದಕ್ಕೆ ಕಾಲು ಭಾಗ, ಅಂದರೆ ಎಪ್ಪತ್ತೈದು ರೂಪಾಯಿ ಸೇರಿಸುತ್ತದೆ. ಪೋಸ್ಟ್‌ಮಾಸ್ಟರರು ಮನೆಮನೆಗೆ ಹೇಳಿ ಕಳುಹಿಸಿದರು. ಮೊಟ್ಟೆ ಮಾರಿ, ಬೀಡಿ ಕಟ್ಟಿ ಕೂಡಿಟ್ಟ ಹಣ ಅಕ್ಕಿ ಡಬ್ಬದಲ್ಲಿಟ್ಟಿದ್ದ ಅಜ್ಜಿ, ಯಾರಿಗೂ ಹೇಳದೆ ಬುರ್ಖಾ ತೊಟ್ಟು ನನ್ನನ್ನು ಕರೆದುಕೊಂಡು ಹೊರಟರು. ಆಗ ನಾನು ಎರಡು ಮಕ್ಕಳ ತಾಯಿ, ತವರಿಗೆ ಬಂದಿದ್ದೆ.

ಪೋಸ್ಟ್‌ಮಾಸ್ಟರರು ಫಾರಂ ತುಂಬಿದರು. "ಅಮ್ಮಾ, ಹೆಬ್ಬೆಟ್ಟಲ್ಲವೇ?" ಎಂದು ಶಾಯಿಯ ಪ್ಯಾಡ್ ಮುಂದೆ ಸರಿಸಿದರು. ಅಜ್ಜಿ ಪ್ಯಾಡ್ ಮುಟ್ಟಲಿಲ್ಲ. "ಪೆನ್ನು ಕೊಡಿ ಮಾಸ್ಟ್ರೇ" ಎಂದರು. ಬಲದಿಂದ ಎಡಕ್ಕೆ, ನಿಧಾನವಾಗಿ, ತಮ್ಮ ಹೆಸರು ಬರೆದರು. ಪೋಸ್ಟ್‌ಮಾಸ್ಟರರು ಕನ್ನಡಕ ಏರಿಸಿ ನೋಡಿದರು. ಕಾಗದವನ್ನು ಒಮ್ಮೆ ತಿರುಗಿಸಿಯೂ ನೋಡಿದರು. ನನಗೋ ಒಳಗೊಳಗೇ ದಿಗಿಲು, ಬೇಡ ಎನ್ನುತ್ತಾರೇನೋ ಎಂದು. ಅವರು ಕೊನೆಗೆ, "ಯಾವ ಅಕ್ಷರವಾದರೂ ಆಗಲಿ. ಪ್ರತಿ ಸಲ ಹೀಗೇ ಹಾಕಬೇಕು, ಅಷ್ಟೇ" ಎಂದು ಮುದ್ರೆ ಒತ್ತಿದರು.

ಮನೆಯಲ್ಲಿ ಗಲಾಟೆಯಾಯಿತು. ಆ ಎಪ್ಪತ್ತೈದು ರೂಪಾಯಿ ಬಡ್ಡಿಯೋ ಬಹುಮಾನವೋ ಎಂಬುದೇ ಜಗಳ. ದೊಡ್ಡ ಮಾವ ಬಡ್ಡಿ ಎಂದರು. ಶಾಲೆ ಕಲಿತ ನನ್ನ ತಮ್ಮ ಸರಕಾರದ ಪ್ರೋತ್ಸಾಹ ಧನ ಎಂದ. ವಾದ ಊಟದ ಸುಪ್ರದ ಮೇಲೂ ಮುಂದುವರಿಯಿತು. ವರ್ಷ ತುಂಬಿದಾಗ ಅಜ್ಜಿ ಸಂದೇಹದ ಹಣ ತನಗೆ ಬೇಡವೆಂದು ಎಪ್ಪತ್ತೈದನ್ನು ಬೇರೆ ತೆಗೆದು, ಮಾಡು ಸೋರುತ್ತಿದ್ದ ಒಬ್ಬ ವಿಧವೆಗೆ ಹಂಚು ಕೊಳ್ಳಲು ಕೊಟ್ಟರು. ಮುನ್ನೂರನ್ನು ತಾವಿಟ್ಟುಕೊಂಡರು. ಆ ಯೋಜನೆ 1997ರಲ್ಲಿ ನಿಂತಿತು. ಅಜ್ಜಿ ಅದೇ ಕಚೇರಿಯಲ್ಲಿ ಸಾಮಾನ್ಯ ಉಳಿತಾಯ ಖಾತೆ ತೆರೆದು, ಬಂದ ಬಡ್ಡಿಯನ್ನು ಪ್ರತಿವರ್ಷ ಹಾಗೆಯೇ ಲೆಕ್ಕ ಹಾಕಿ ಹೊರಗೆ ಕೊಡುತ್ತಿದ್ದರು.

ಈಗ ಊರಿಗೆ ಹೋದರೆ

ಮೊದಲು ಎಸ್.ಟಿ.ಡಿ. ಬೂತು, ಆಮೇಲೆ ಮೊಬೈಲು ಬಂದು ಪತ್ರ ನಿಂತಿತು. ಹಳೆಯ ಪದ್ಧತಿಯ ಮನಿಯಾರ್ಡರು 2015ರಲ್ಲಿ ಹೋಯಿತು. 2025ರ ಸೆಪ್ಟೆಂಬರಿನಿಂದ ರಿಜಿಸ್ಟರ್ಡ್ ಅಂಚೆಯನ್ನೂ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಹಾಗೆಂದು ಕಚೇರಿಗೆ ಬೀಗ ಬಿದ್ದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಅಂಚೆಯ ಪೇಮೆಂಟ್ಸ್ ಬ್ಯಾಂಕ್ ಬಂತು. 2020ರ ಲಾಕ್‌ಡೌನಿನಲ್ಲಿ ಪೋಸ್ಟ್‌ಮ್ಯಾನ್ ಸಣ್ಣ ಯಂತ್ರ ಹಿಡಿದು ಮನೆ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಟ್ಟರು. ಹೌದು, ಹೆಬ್ಬೆಟ್ಟು ಮತ್ತೆ ಬಂದಿದೆ, ಈ ಸಲ ಓದಿದವರಿಗೂ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಅನೇಕ ಹೆಂಗಸರು ಖಾತೆಗೆಂದು ಓಡಿದ್ದು ಅಂಚೆ ಕಚೇರಿಗೇ. ಪಾಸ್‌ಪೋರ್ಟಿಗೂ ಈಗ ಅಂಚೆ ಕಚೇರಿಯಲ್ಲಿ ಸೇವಾ ಕೇಂದ್ರಗಳಿವೆ. ದೇಶದಲ್ಲಿ ಇಂಥ ಮೊದಲ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲಿ ಆರಂಭವಾಯಿತು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಉಮ್ಮನದೋ ಅಜ್ಜಿಯದೋ ಅಂಚೆ ಪಾಸ್‌ಬುಕ್ ಇದ್ದರೆ ರದ್ದಿಗೆ ಹಾಕಬೇಡಿ. ಮೂರು ಹಣಕಾಸು ವರ್ಷ ಜಮೆಯಾಗಲಿ ತೆಗೆಯುವುದಾಗಲಿ ಇಲ್ಲದಿದ್ದರೆ ಖಾತೆಯನ್ನು ನಿಷ್ಕ್ರಿಯವೆಂದು ಬದಿಗಿಡುತ್ತಾರೆಯೇ ಹೊರತು ಹಣ ಇಲ್ಲವಾಗುವುದಿಲ್ಲ. ಖಾತೆದಾರರು ಪಾಸ್‌ಬುಕ್ಕು, ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟು ಅರ್ಜಿ ಹಾಕಿದರೆ ಅದು ಮತ್ತೆ ಚಾಲ್ತಿಗೆ ಬರುತ್ತದೆ. ಅವರು ತೀರಿಕೊಂಡಿದ್ದರೆ ನಾಮಿನಿ ಪಡೆಯಬಹುದು. ನಾಮಿನಿ ಇಲ್ಲದಿದ್ದರೂ ವಾರಸುದಾರರು ಮರಣ ಪ್ರಮಾಣಪತ್ರದೊಂದಿಗೆ ಕೇಳಬಹುದು. ಬಂದ ಹಣದಲ್ಲಿ ಹೆಣ್ಣು ಮಕ್ಕಳ ಪಾಲೂ ಇದೆ ಎಂಬುದನ್ನು ಮನೆಯ ಗಂಡಸರಿಗೆ ನೆನಪಿಸಬೇಕಾಗಿ ಬರಬಹುದು, ನಮಗೂ ಬಂತು.

ಅಜ್ಜಿಯ ಪಾಸ್‌ಬುಕ್ಕು ಸಿಕ್ಕಿದ್ದು ನಮಾಜಿನ ಚಾಪೆಗಳನ್ನಿಡುವ ಪೆಟ್ಟಿಗೆಯ ತಳದಲ್ಲಿ. ತೆಗೆದುಕೊಂಡು ಹೋದೆ. ಈಗ ಅಲ್ಲಿ ಪೋಸ್ಟ್‌ಮಾಸ್ಟರ್ ಆಗಿರುವುದು ಇಪ್ಪತ್ತೈದರ ಒಳಗಿನ ಹುಡುಗಿ. ನಮ್ಮ ಕಾಗದಗಳನ್ನು ಪೇಟೆಯ ದೊಡ್ಡ ಕಚೇರಿಗೆ ಕಳುಹಿಸಿದಳು. ಎರಡು ಮೂರು ಸಲ ಅಲೆಯಬೇಕಾಯಿತು, ಆದರೆ ಹಣ ಬಂತು. ಎರಡು ಸಾವಿರದ ಚಿಲ್ಲರೆ. ಅದಕ್ಕಿಂತ ಮೊದಲು ಹಳೆಯ ಸಹಿಯ ಕಾರ್ಡು ಹುಡುಕಿ ತೆಗೆಸಿದ್ದರು. ಆ ಹುಡುಗಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಕ್ಕಾ, ಇದೇನು ಬರೆದದ್ದು?" ಎಂದು ಕೇಳಿದಳು.

"ಅಜ್ಜಿಯ ಹೆಸರು" ಎಂದೆ.